ಮನೆಯೊಳಗಿನ ಹೊಗೆ: ಉಸಿರಿನ ಖಾತೆಗೆ ದಿನವೂ ಜಮೆ

ಪಿಂಪಳಗಾಂವ್ ಬಸವಂತ್: ಮುಂಬಯಿ-ಆಗ್ರಾ ಹೆದ್ದಾರಿಯಲ್ಲಿ ನಾಸಿಕ್ ದಾಟಿ, ಓಝರ್ ಹಿಂದೆ ಬಿಟ್ಟು ಮುಂದೆ ಬಂದರೆ ಸಿಗುವ ಈ ಊರಿನ ಹೆಸರು ಕೇಳಿದೊಡನೆ ಕನ್ನಡಿಗರ ಕಿವಿ ನೆಟ್ಟಗಾಗುವುದು ಸಹಜ. ಬಸವಂತ ಎಂದರೆ ಊರ ಕಡೆಯ ಹೆಸರಿನಂತೆಯೇ ಕೇಳಿಸುತ್ತದೆ. ಆದರೆ ಈ ಊರು ಪ್ರಸಿದ್ಧವಾಗಿರುವುದು ದ್ರಾಕ್ಷಿ, ಟೊಮೆಟೊ ಮತ್ತು ಈರುಳ್ಳಿಗೆ. ಇದು ಸೇರಿರುವ ನಿಫಾಡ್ ತಾಲೂಕು ಇನ್ನೊಂದು ಕಾರಣಕ್ಕೆ ಪ್ರತಿ ಚಳಿಗಾಲದಲ್ಲೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ರಾಜ್ಯದಲ್ಲೇ ಅತಿ ಹೆಚ್ಚು ಚಳಿ ಬೀಳುವ ಜಾಗಗಳಲ್ಲಿ ಇದೂ ಒಂದು. ಚಳಿ ಕೊರೆಯತೊಡಗಿದರೆ ಬೆಳೆಗಾರರು ನಸುಕಿಗೆ ಮುಂಚೆ ಎದ್ದು ದ್ರಾಕ್ಷಿ ತೋಟದಲ್ಲಿ ಅಲ್ಲಲ್ಲಿ ಶೇಕೋಟಿ, ಅಂದರೆ ಅಗ್ಗಿಷ್ಟಿಕೆ ಹಾಕುತ್ತಾರೆ. ಬೆಳಗಿನ ಬಸ್ಸಿನಲ್ಲಿ ಹೋಗುವವರಿಗೆ ತೋಟದ ಮೇಲೆ ತೇಲುವ ಹೊಗೆ ಎದ್ದು ಕಾಣುತ್ತದೆ.

ಆ ಹೊಗೆ ಎಲ್ಲರಿಗೂ ಕಾಣುವಂಥದ್ದು, ಛಾಯಾಚಿತ್ರಕ್ಕೂ ಚೆಂದ. ಕಾಣದ ಹೊಗೆ ಬೇರೆ ಇದೆ. ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ, ಎಪ್ರಿಲ್ ಸುಮಾರಿಗೆ ಒಮ್ಮೆ ಮತ್ತು ಅಕ್ಟೋಬರ್ ಸುಮಾರಿಗೆ ಒಮ್ಮೆ, ಛಾಟಣಿ ಮಾಡುತ್ತಾರೆ. ಕತ್ತರಿಸಿ ಬಿದ್ದ ಕಡ್ಡಿ ಒಣಗಿದ ಮೇಲೆ ಬಡವರ ಮನೆಯ ಒಲೆಗೆ ಪುಕ್ಕಟೆ ಸೌದೆ. ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿಗೂ ಅದೇ. ದಕ್ಷಿಣ ಕನ್ನಡದವರಿಗೆ ಇದರಲ್ಲಿ ಹೊಸದೇನೂ ಕಾಣದು. ಅಲ್ಲಿ ಬಚ್ಚಲ ಹಂಡೆಯ ಕೆಳಗೆ ಮಡಲು, ಕೊತ್ತಳಿಗೆ, ಗೆರಟೆ ಉರಿದರೆ ಇಲ್ಲಿ ದ್ರಾಕ್ಷಿಯ ಕಡ್ಡಿ ಉರಿಯುತ್ತದೆ. ಬೆಳಗಾವಿ, ವಿಜಾಪುರ, ಕಲಬುರ್ಗಿ ಕಡೆಯವರು ಕುಳ್ಳು, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ನೆನಪಿಸಿಕೊಳ್ಳಬಹುದು. ಸೌದೆಯ ಜಾತಿ ಬೇರೆಯಾದರೂ ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖ ಕೊಟ್ಟವರು ಎಲ್ಲ ಕಡೆಯೂ ಹೆಂಗಸರೇ.

ನಾಸಿಕ್ ಜಿಲ್ಲೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೋಟೆಲಿನವರಿದ್ದಾರೆ, ಬ್ಯಾಂಕು-ಕಚೇರಿಯವರಿದ್ದಾರೆ. 1964ರಲ್ಲಿ ಮಿಗ್ ವಿಮಾನ ಕಟ್ಟುವುದಕ್ಕೆಂದು ಓಝರ್‌ನಲ್ಲಿ ಆರಂಭವಾದ ಎಚ್‌ಎಎಲ್ ಕಾರ್ಖಾನೆಯ ಕೇಂದ್ರ ಕಚೇರಿಯೇ ಬೆಂಗಳೂರಿನಲ್ಲಿ ಇರುವುದರಿಂದ ಆ ದಾರಿಯಲ್ಲಿ ಬಂದವರೂ ಇದ್ದಾರೆ. ಇವರಲ್ಲಿ ಹೆಚ್ಚಿನವರ ಮನೆಯಲ್ಲಿ ಈಗ ಗ್ಯಾಸ್ ಒಲೆಯಿದೆ. ಹಾಗಿದ್ದ ಮೇಲೆ ಹೊಗೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗ್ಯಾಸ್ ಬಂದರೂ ಹೊಗೆ ಪೂರ್ತಿ ಹೋಗಿಲ್ಲ ಎಂಬುದು ಒಂದು ಕಾರಣ. ಗ್ಯಾಸ್ ಬರುವುದಕ್ಕೆ ಮುಂಚೆ ಎದೆಗಿಳಿದ ಹೊಗೆಯ ಲೆಕ್ಕ ಇನ್ನೂ ಮುಗಿದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಕಣ್ಣಿಗೆ ಕಾಣದ್ದೇ ಅಪಾಯದ್ದು

ಗಾಳಿಯಲ್ಲಿ ತೇಲುವ ಧೂಳು, ಮಸಿ, ಹೊಗೆಯ ಕಣಗಳನ್ನು ವಿಜ್ಞಾನಿಗಳು ಗಾತ್ರ ನೋಡಿ ವಿಂಗಡಿಸುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಎಂದರೆ ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಸ ಗುಡಿಸುವಾಗ ಕಿಟಕಿಯ ಬಿಸಿಲಿನಲ್ಲಿ ಕುಣಿಯುವ ಧೂಳು ಬಹುತೇಕ ದೊಡ್ಡ ಕಣದ್ದು. ಅದರಲ್ಲಿ ಬಹುಪಾಲನ್ನು ಮೂಗು, ಗಂಟಲು ಹಿಡಿದು ನಿಲ್ಲಿಸುತ್ತವೆ, ಸೀನು ಬಂದು ಹೊರಗೆ ಹೋಗುತ್ತದೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ಇವು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೂ ಇಳಿಯುತ್ತವೆ. ಯಾವುದೇ ವಸ್ತು ಸುಟ್ಟಾಗ ಏಳುವ ಹೊಗೆಯಲ್ಲಿ ಇರುವುದು ಹೆಚ್ಚಾಗಿ ಈ ಸಣ್ಣ ಕಣವೇ.

ಸಣ್ಣದಾದಷ್ಟೂ ಅದು ನೆಲಕ್ಕೆ ಇಳಿಯುವುದು ನಿಧಾನ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನಿನ ಕಣ ಒಂದು ಮೀಟರ್ ಕೆಳಗಿಳಿಯಲು ಐದಾರು ನಿಮಿಷ ಸಾಕು. 2.5 ಮೈಕ್ರಾನಿನದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಅದಕ್ಕಿಂತ ಸಣ್ಣ ಹೊಗೆಯ ಕಣ ಇಳಿಯುವುದೇ ಇಲ್ಲ ಎಂದರೂ ತಪ್ಪಿಲ್ಲ. ಅದು ಹೊರಗೆ ಹೋಗಬೇಕು, ಇಲ್ಲವೇ ಗೋಡೆಗೆ, ಪರದೆಗೆ ಅಥವಾ ಯಾರದಾದರೂ ಎದೆಗೆ ಅಂಟಬೇಕು. ಒಲೆ ಆರಿಸಿ, ಅಡುಗೆಮನೆ ತೊಳೆದು, ಊಟಕ್ಕೆ ಕೂತಾಗಲೂ ಅದು ಅಲ್ಲೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ಭಾರತ 2009ರಲ್ಲಿ ನಿಗದಿಪಡಿಸಿದ ಮಿತಿ ದಿನಕ್ಕೆ 60. ಇದು ಹೊರಗಿನ ಗಾಳಿಗೆ ಹಾಕಿದ ಮಿತಿ ಎಂಬುದು ಗಮನಾರ್ಹ. ಅಡುಗೆಮನೆಯೊಳಗೆ ಬಂದು ಅಳೆಯುವ ಇಲಾಖೆ ಯಾವುದೂ ಇಲ್ಲ.

ಅಳೆದವರು ಯಾರು?

ಅಡುಗೆಮನೆಯೊಳಗೆ ಬಂದು ಮೊದಲು ಅಳೆದವರಲ್ಲಿ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಪ್ರಮುಖರು. 1981ರಲ್ಲಿ ಅವರು ಭಾರತೀಯ ಸಹೋದ್ಯೋಗಿಗಳ ಜೊತೆ ಗುಜರಾತಿನ ಹಳ್ಳಿಗಳಿಗೆ ಹೋದರು. ಕೋಣೆಯ ಮೂಲೆಯಲ್ಲಿ ಯಂತ್ರ ಇಟ್ಟು ಸುಮ್ಮನಾಗಲಿಲ್ಲ. ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಸಣ್ಣ ಗಾಳಿ ಪಂಪು ಕಟ್ಟಿ, ಅವರು ಉಸಿರಾಡುವ ಗಾಳಿಯನ್ನೇ ಹಿಡಿದು ತೂಗಿದರು. ಒಲೆಯ ಮುಂದೆ ಕೂತ ಹೊತ್ತಿನಲ್ಲಿ ಆ ಗಾಳಿಯಲ್ಲಿದ್ದ ಒಟ್ಟು ಧೂಳು-ಹೊಗೆ ಒಂದು ಘನ ಮೀಟರಿಗೆ ಸರಾಸರಿ ಸುಮಾರು 7000 ಮೈಕ್ರೋಗ್ರಾಂ. ಇದರಲ್ಲಿ ದೊಡ್ಡ ಕಣಗಳೂ ಸೇರಿದ್ದರಿಂದ ಮೇಲಿನ 60ರ ಜೊತೆ ನೇರವಾಗಿ ಹೋಲಿಸಲಾಗದು. ಆದರೂ ಆ ಅಂಕಿ ನೋಡಿದವರು ಬೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯತನಕ ವಾಯುಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ, ಪೇಟೆಯ ಲಾರಿ ಎಂದೇ ಲೋಕ ನಂಬಿತ್ತು.

2020ರಲ್ಲಿ ತೀರಿಕೊಂಡ ಸ್ಮಿತ್ ಅವರು ಸರಳ ಸೂತ್ರವೊಂದನ್ನು ಹೇಳುತ್ತಿದ್ದರು. ಮನೆಯೊಳಗೆ ಬಿಟ್ಟ ಒಂದು ಗ್ರಾಂ ಹೊಗೆ ಮನುಷ್ಯರ ಎದೆ ಸೇರುವ ಸಂಭವ, ಹೊರಗೆ ಬಿಟ್ಟ ಒಂದು ಗ್ರಾಂ ಹೊಗೆಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಎಂಬುದೇ ಅದು. ಹೊಗೆ ಎಷ್ಟು ಎದ್ದಿತು ಎಂಬುದಕ್ಕಿಂತ ಹೊಗೆ ಇದ್ದಾಗ ಅಲ್ಲಿ ಯಾರಿದ್ದರು, ಎಷ್ಟು ಹೊತ್ತು ಇದ್ದರು ಎಂಬುದು ಮುಖ್ಯ ಎಂದಾಯಿತು. ಪಿಂಪಳಗಾಂವಿನ ತೋಟದ ಶೇಕೋಟಿ ಬಂಬಿಗಿಂತ ಎಷ್ಟೋ ಪಾಲು ಹೆಚ್ಚು ಹೊಗೆ ಉಗುಳಬಹುದು. ಆದರೆ ಬಂಬಿನ ಹೊಗೆಗೆ ಮನೆಯವರ ಮೂಗೇ ಹತ್ತಿರ.

ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಮತ್ತು ಸಂಗಡಿಗರು ಆಗಿನ ಆಂಧ್ರಪ್ರದೇಶದ ಮೂರು ಜಿಲ್ಲೆಗಳ 420 ಹಳ್ಳಿಮನೆಗಳಲ್ಲಿ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಗ್ಯಾಸ್ ಉರಿಸುವ ಮನೆಗಳಲ್ಲಿ ಉಸಿರಿಗಿಳಿಯುವ ಕಣಗಳ 24 ಗಂಟೆಯ ಸರಾಸರಿ 73 ಮೈಕ್ರೋಗ್ರಾಂ ಇದ್ದರೆ, ಕಟ್ಟಿಗೆ-ಕುಳ್ಳು ಉರಿಸುವ ಮನೆಗಳಲ್ಲಿ ಅದು 732ರವರೆಗೆ ಇತ್ತು. ಒಂದೇ ಸೂರಿನಡಿ ಇದ್ದರೂ ಅಡುಗೆ ಮಾಡುವ ಹೆಣ್ಣಿನ ಪಾಲಿಗೆ ಬಂದದ್ದು ಎಲ್ಲರಿಗಿಂತ ಹೆಚ್ಚು. ಗ್ಯಾಸ್ ಇದ್ದ ಮನೆಯಲ್ಲೂ ಅಂಕಿ 73ಕ್ಕೆ ನಿಂತಿತು, ಸೊನ್ನೆಗೆ ಇಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು. ನೆರೆಮನೆಯ ಹೊಗೆಗೆ ಗೋಡೆಯ ಹಂಗಿಲ್ಲ.

ದಿನವಹಿ ಬಾಕಿಯ ಲೆಕ್ಕ

ಬ್ಯಾಂಕಿನ ಉಳಿತಾಯ ಖಾತೆಗೆ 2010ರ ಎಪ್ರಿಲ್ 1ರಿಂದ ದಿನವಹಿ ಬಾಕಿಯ ಮೇಲೆ ಬಡ್ಡಿ ಸಿಗುತ್ತಿದೆ. ಅದಕ್ಕೆ ಮುಂಚೆ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಬಾಕಿಯಷ್ಟೇ ಲೆಕ್ಕಕ್ಕೆ ಬರುತ್ತಿತ್ತು. ನಡುವೆ ಎಷ್ಟೇ ಹಣ ಬಂದು ಹೋದರೂ ಬಡ್ಡಿಗೆ ಅದು ಕಾಣುತ್ತಿರಲಿಲ್ಲ. ಹೊಗೆಯ ವಿಷಯದಲ್ಲಿ ಜನ ಇವತ್ತಿಗೂ ಹಳೆಯ ಪದ್ಧತಿಯಲ್ಲೇ ಲೆಕ್ಕ ಹಾಕುತ್ತಾರೆ. ಕೋಣೆ ತಿಳಿಯಾಗಿರುವ ಹೊತ್ತು ನೋಡಿ ಮನೆಯಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಾರೆ. ಶ್ವಾಸಕೋಶ ಮಾತ್ರ ನಿಮಿಷ ನಿಮಿಷದ ಬಾಕಿ ಬರೆದಿಡುತ್ತದೆ.

ಉದಾಹರಣೆಗೆ ಒಂದು ಮನೆಯಲ್ಲಿ ದಿನದ 21 ಗಂಟೆ ಕಾಲ ಪಿಎಂ 2.5 ಪ್ರಮಾಣ 40 ಇದೆ, ಒಲೆ ಉರಿಯುವ 3 ಗಂಟೆ ಮಾತ್ರ 1000 ಇದೆ ಎಂದಿಟ್ಟುಕೊಳ್ಳೋಣ. ಇವು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಗಳು. 21ನ್ನು 40ರಿಂದ ಗುಣಿಸಿದರೆ 840, 3ನ್ನು 1000ದಿಂದ ಗುಣಿಸಿದರೆ 3000. ಎರಡೂ ಸೇರಿ 3840. 24ರಿಂದ ಭಾಗಿಸಿದರೆ ದಿನದ ಸರಾಸರಿ 160. ದಿನದ ಎಂಟನೆಯ ಒಂದು ಪಾಲು ಹೊತ್ತಿನ ಹೊಗೆ, ಉಳಿದೆಲ್ಲ ಹೊತ್ತಿನ ಒಳ್ಳೆಯ ಗಾಳಿಯನ್ನು ನುಂಗಿ ಹಾಕಿತು. ಆ 3 ಗಂಟೆ ಮನೆಯ ಯಜಮಾನರು ಅಂಗಡಿಯಲ್ಲಿದ್ದರೆ ಅವರ ಪಾಲಿಗೆ ಬೀಳುವುದು 40ರ ಸುಮಾರು. ಗಂಡ-ಹೆಂಡತಿಗೆ ವಿಳಾಸ ಒಂದೇ, ರೇಷನ್ ಕಾರ್ಡೂ ಒಂದೇ. ಆದರೆ ಉಸಿರಿನ ಪಾಸ್‌ಬುಕ್ ಬೇರೆ ಬೇರೆ.

ಆಸ್ಟ್ರ ಒಲೆಯ ಕತೆ

ಈ ವಿಷಯದಲ್ಲಿ ಕರ್ನಾಟಕದ ಹೆಸರು ಮೊದಲಿಗೇ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ ‘ಆಸ್ಟ್ರ’ ಎಂಬ ವಿಭಾಗ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ ಎಂಬುದು ಅದರ ಧ್ಯೇಯ. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಹಳ್ಳಿಯ ಶಕ್ತಿಯೆಲ್ಲ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮನೆ ಮನೆ ಸುತ್ತಿ ಲೆಕ್ಕ ಹಾಕಿದಾಗ ಸಿಂಹಪಾಲು ಒಲೆಗೇ ಹೋಗುತ್ತಿತ್ತು. ಆ ಸೌದೆ ಹೊತ್ತು ತರುವವರೂ ಹೆಂಗಸರು, ಮಕ್ಕಳು.

1980ರ ದಶಕದ ಮೊದಲ ವರ್ಷಗಳಲ್ಲಿ ರೂಪುಗೊಂಡ ಆಸ್ಟ್ರ ಒಲೆ ಇದೇ ಲೆಕ್ಕದ ಫಲ. ಮೂರು ಪಾತ್ರೆ ಒಟ್ಟಿಗೆ ಇಡುವ, ಸುತ್ತ ಮುಚ್ಚಿದ, ಕೆಳಗೆ ಬೂದಿ ಬೀಳುವ ಜಾಲರಿ ಇರುವ, ಹೊಗೆಗೂಡಿನ ಮೂಲಕ ಹೊಗೆಯನ್ನು ಮಾಡಿನಾಚೆ ಕಳಿಸುವ ಒಲೆ ಅದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಪಾತ್ರೆಗೆ ತಗಲುವುದು ಅಲ್ಪ ಪಾಲು. ಆಸ್ಟ್ರ ಒಲೆ ಪ್ರಯೋಗಶಾಲೆಯಲ್ಲಿ ಶೇ. 40ಕ್ಕೂ ಹೆಚ್ಚು ಶಾಖ ಹಿಡಿದು ಕೊಟ್ಟಿತು. ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ಕಟ್ಟಿಕೊಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಇವತ್ತು ಐವತ್ತು ದಾಟಿದ ಅನೇಕರಿಗೆ ತವರಿನ ಅಡುಗೆಮನೆಯಲ್ಲಿ ಅದು ಬಂದು ಕೂತ ನೆನಪಿರಬಹುದು.

ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಸುಮಾರು ಮೂರೂವರೆ ಕೋಟಿ ಒಲೆ ಹಂಚಲಾಗಿತ್ತು. ಹಂಚಿದ್ದಕ್ಕೆ ಲೆಕ್ಕವಿತ್ತು, ಉರಿಯುತ್ತಿರುವುದಕ್ಕೆ ಇರಲಿಲ್ಲ. ಹೊಗೆಗೂಡಿಗೆ ಮಸಿ ಕಟ್ಟಿದರೆ ಕೆರೆದು ತೆಗೆಯುವವರಿಲ್ಲ, ಮಣ್ಣು ಬಿರಿದರೆ ಮೆತ್ತುವವರಿಲ್ಲ. ಒಲೆಯ ಬಾಯಿ ಸಣ್ಣದಾದ್ದರಿಂದ ಸೌದೆ ಸಣ್ಣದಾಗಿ ಸೀಳಬೇಕು, ಆ ಕೆಲಸವೂ ಹೆಂಗಸರ ಪಾಲಿಗೇ. ಮದುವೆ, ಹಬ್ಬದ ದೊಡ್ಡ ಪಾತ್ರೆ ಅದರ ಮೇಲೆ ಕೂರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೊಸ ಒಲೆ ಮೂಲೆ ಸೇರಿ ಹಳೆಯದೇ ಮತ್ತೆ ಹೊತ್ತಿಕೊಂಡಿತು. ಇದರಿಂದ ಆಸ್ಟ್ರ ಒಲೆ ಸೋತಿತು ಎನ್ನುವುದು ನ್ಯಾಯವಲ್ಲ. ರಿಪೇರಿಗೆ ಜನರಿಲ್ಲದೆ ಯಾವ ಯಂತ್ರ ತಾನೇ ಉಳಿದೀತು?

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ 10 ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ಗ್ಯಾಸ್ ಸಂಪರ್ಕ ಸಿಕ್ಕಿದೆ. ಇದು ಸಣ್ಣ ಸಾಧನೆಯಲ್ಲ. ಹಾಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಡುಗೆಗೆ ಮುಖ್ಯವಾಗಿ ಶುದ್ಧ ಇಂಧನ ಬಳಸುವ ಮನೆಗಳು ಪೇಟೆಯಲ್ಲಿ ಶೇ. 90ರ ಹತ್ತಿರ ಇದ್ದರೆ ಹಳ್ಳಿಯಲ್ಲಿ ಶೇ. 43 ಮಾತ್ರ ಎಂದು ಕಂಡುಬಂತು. ಸಿಲಿಂಡರ್ ಮನೆಯಲ್ಲಿರುವುದು ಬೇರೆ, ಮತ್ತೆ ಮತ್ತೆ ತುಂಬಿಸುವುದು ಬೇರೆ. ಚಹಾಕ್ಕೆ, ಅತಿಥಿಗಳಿಗೆ ಗ್ಯಾಸ್, ರೊಟ್ಟಿಗೆ ಮತ್ತು ಬಿಸಿನೀರಿಗೆ ಕಟ್ಟಿಗೆ ಎಂಬ ವ್ಯವಸ್ಥೆ ಎರಡೂ ರಾಜ್ಯಗಳ ಹಳ್ಳಿಗಳಿಗೆ ಹೊಸತಲ್ಲ. ದ್ರಾಕ್ಷಿಯ ಕಡ್ಡಿ ಪುಕ್ಕಟೆ ಸಿಗುವಾಗ ಸಿಲಿಂಡರಿಗೆ ಹಣ ಕೊಡಲು ಕೂಲಿಯವರ ಕೈ ಹಿಂದೆ ಮುಂದೆ ನೋಡುವುದು ತಪ್ಪು ಎನ್ನಲೂ ಆಗದು.

ಗ್ಯಾಸ್ ಪೂರ್ತಿ ಉಚಿತವಾಗಿ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಲಾಗಿದೆ. ತಮಿಳುನಾಡು ಸೇರಿದಂತೆ ನಾಲ್ಕು ದೇಶಗಳ ಹಳ್ಳಿಗಳಲ್ಲಿ ಸುಮಾರು 3200 ಗರ್ಭಿಣಿಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಂತು. ಕಟ್ಟಿಗೆ ಒಲೆಯವರ ಉಸಿರಿನಲ್ಲಿ ಪಿಎಂ 2.5 ಸುಮಾರು 71 ಇದ್ದರೆ, ಗ್ಯಾಸ್ ಪಡೆದವರಲ್ಲಿ ಅದು 24ಕ್ಕೆ ಇಳಿದಿತ್ತು. ಆದರೆ ಹುಟ್ಟಿದ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಸುರಿಯಾದ ಮೇಲೆ ಒಲೆ ಬದಲಿಸಿದರೆ ತಡವಾಯಿತೇ, ಅಥವಾ 24 ಕೂಡ ಹೆಚ್ಚೇ ಎಂಬ ಚರ್ಚೆ ನಡೆದಿದೆ. ಹೊಗೆ ಕಡಿಮೆ ಮಾಡಿದೊಡನೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವವರು ಈ ಫಲಿತಾಂಶವನ್ನೂ ಓದಬೇಕು.

ದೇವರ ಕೋಣೆ, ಮಲಗುವ ಕೋಣೆ, ಹೋಟೆಲಿನ ಹಿಂಬದಿ

ಪೇಟೆಯ ಮನೆಗೆ ಬರೋಣ. ಇಲ್ಲಿ ಹೊಗೆಯ ಮೊದಲ ಮೂಲ ಸೊಳ್ಳೆ ಬತ್ತಿ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳನ್ನು ಉರಿಸಿ ಅಳೆದಾಗ, ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸಣ್ಣ ಕಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು ತಿಳಿಯಿತು. ಸಿಗರೇಟು ಸೇದಿದರೆ ಮನೆಯಿಂದ ಹೊರಗೆ ಹೋಗು ಎನ್ನುವ ಮನೆಯಲ್ಲೇ ಮಗುವಿನ ತೊಟ್ಟಿಲ ಕೆಳಗೆ ಸುರುಳಿ ಉರಿಯುತ್ತದೆ, ಕಿಟಕಿಯೂ ಮುಚ್ಚಿರುತ್ತದೆ. ಬತ್ತಿ ಎಂಟು ಗಂಟೆ ಉರಿದರೆ ಎಂಟು ಗಂಟೆಯೂ ಮನೆಮಂದಿ ಅದರ ಪಕ್ಕದಲ್ಲೇ ಇರುತ್ತಾರೆ. ಒಲೆಯ ಹೊಗೆಯಿಂದಲಾದರೂ ಎದ್ದು ಆಚೆ ಹೋಗಬಹುದು, ನಿದ್ದೆಯಲ್ಲಿದ್ದವರಿಗೆ ಅದೂ ಇಲ್ಲ. ಮೊಟ್ಟೆಯ ಟ್ರೇ ಸುಟ್ಟು ಸೊಳ್ಳೆ ಓಡಿಸುವ ಹೊಸ ಉಪಾಯ ಇದಕ್ಕಿಂತ ಯಾವ ರೀತಿಯಲ್ಲೂ ಮೇಲಲ್ಲ. ಸೊಳ್ಳೆ ಪರದೆ ಹಳೆಯ ಕಾಲದ್ದಾದರೂ ಅದರಲ್ಲಿ ಹೊಗೆಯಿಲ್ಲ.

ಊದುಬತ್ತಿಯ ಮಾತು ಸ್ವಲ್ಪ ಸೂಕ್ಷ್ಮ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಕನ್ನಡಿಗರಿಗೆ ಹೆಮ್ಮೆಯ ವಿಷಯ, ಅದನ್ನು ಹೊಸೆದು ಬದುಕುವ ಹೆಂಗಸರೂ ಬಹಳ. ಆದರೆ ಇದ್ದಿಲ ಪುಡಿ, ಅಂಟು ಮತ್ತು ಬಿದಿರು ಕಡ್ಡಿ ಉರಿದರೆ ಹೊಗೆ ಬರಲೇಬೇಕು. ಗ್ರಾಂ ಲೆಕ್ಕದಲ್ಲಿ ಹಿಡಿದರೆ ಸಿಗರೇಟು ಸುಮಾರು 10 ಮಿಲಿಗ್ರಾಂ ಕಣ ಬಿಡುವಲ್ಲಿ ಊದುಬತ್ತಿ 45 ಮಿಲಿಗ್ರಾಂವರೆಗೂ ಬಿಡುತ್ತದೆ ಎಂದು ಸಂಶೋಧಕರು ಬರೆದಿದ್ದಾರೆ. ಸಿಂಗಾಪುರದಲ್ಲಿ 61,320 ಚೀನೀಯರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲ ಊದುಬತ್ತಿ ಹಚ್ಚಿದವರಲ್ಲಿ ಮೇಲಿನ ಶ್ವಾಸನಾಳದ ಕೆಲವು ಕ್ಯಾನ್ಸರ್ ಹೆಚ್ಚು ಕಂಡಿತು. ಶ್ವಾಸಕೋಶದ ಕ್ಯಾನ್ಸರಿನ ಒಟ್ಟು ಲೆಕ್ಕದಲ್ಲಿ ಮಾತ್ರ ಹೆಚ್ಚಳ ಕಾಣಲಿಲ್ಲ. ಅವರಲ್ಲಿ ಅನೇಕರ ಮನೆಯಲ್ಲಿ ಬತ್ತಿ ಹಗಲೂ ರಾತ್ರಿ ಉರಿಯುತ್ತಿತ್ತು. ಬೆಳಗ್ಗೆ ಒಂದು ಕಡ್ಡಿ ಹಚ್ಚಿ ಕಿಟಕಿ ತೆರೆಯುವವರು ಹೆದರಬೇಕಾಗಿಲ್ಲ. ಹಬ್ಬದ ದಿನ ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಕಟ್ಟುಗಟ್ಟಲೆ ಕಡ್ಡಿ, ಧೂಪ, ಸಾಂಬ್ರಾಣಿ, ಕರ್ಪೂರ ಎಲ್ಲ ಒಟ್ಟಿಗೆ ಉರಿಸಿ, ದಮ್ಮು ಇರುವ ಅಜ್ಜಿಯನ್ನು ಅಲ್ಲೇ ಕೂರಿಸುವುದು ಯಾವ ದೇವರಿಗೂ ಬೇಕಾಗಿರಲಾರದು. ದೀಪಾವಳಿಯ ಹಾವಿನ ಗುಳಿಗೆಯ ಬಗ್ಗೆಯೂ ಇಷ್ಟು ಹೇಳಬೇಕು. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ 2016ರಲ್ಲಿ ಪಟಾಕಿಗಳನ್ನು ಒಂದೊಂದಾಗಿ ಸುಟ್ಟು ಅಳೆದಾಗ, ಸದ್ದಿಲ್ಲದ ಈ ಗುಳಿಗೆಯೇ 64,500 ಮೈಕ್ರೋಗ್ರಾಂ ತೋರಿಸಿ ಸಾವಿರದ ಸರವನ್ನೂ ಹಿಂದೆ ಹಾಕಿತು. ಸದ್ದಿಲ್ಲ ಎಂದೇ ಚಿಕ್ಕ ಮಕ್ಕಳ ಕೈಗೆ ಕೊಡುವುದು ಅದನ್ನು.

ಗ್ಯಾಸ್ ಒಲೆಯ ನೀಲಿ ಉರಿಗೆ ಹೊಗೆಯಿಲ್ಲ ನಿಜ, ಅದರ ಮೇಲಿನ ಬಾಣಲೆಗೆ ಇದೆ. ಮೆಣಸಿನ ಒಗ್ಗರಣೆಗೆ ಮನೆಮಂದಿಯೆಲ್ಲ ಕೆಮ್ಮುವುದು ಎಲ್ಲರ ಅನುಭವ. ಕಾದ ಎಣ್ಣೆಯ ಹಬೆಯಲ್ಲಿರುವುದೂ ಸಣ್ಣ ಕಣವೇ. ಹೆಚ್ಚು ಕಾವಿನಲ್ಲಿ ಕರಿಯುವಾಗ ಬರುವ ಹಬೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಕಟ್ಟಿಗೆಯ ಹೊಗೆ ಇರುವುದೂ ಅದೇ ಪಟ್ಟಿಯಲ್ಲಿ. ಮನೆಯಲ್ಲಿ ವಾರಕ್ಕೊಮ್ಮೆ ಬೋಂಡ ಕರಿಯುವವರಿಗೆ ಇದು ದೊಡ್ಡ ಮಾತಲ್ಲ. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಡೆ, ಪೂರಿ ಬಾಣಲೆಯ ಮುಂದೆ ನಿಲ್ಲುವ ಅಡುಗೆಯವರಿಗೆ ದೊಡ್ಡ ಮಾತೇ. ಗಿರಾಕಿ ಕೂರುವ ಕೋಣೆಗೆ ಏಸಿ ಹಾಕಿಸುವ ಮಾಲಕರು ಹಿಂಬದಿಯ ಎಕ್ಸಾಸ್ಟ್ ಫ್ಯಾನಿನ ಜಿಡ್ಡು ಎಂದು ತೆಗೆಸಿದರು ಎಂದು ಕೇಳಿದರೆ ನೆನಪು ಮಾಡಿಕೊಳ್ಳಬೇಕಾಗುತ್ತದೆ. ಜಿಡ್ಡು ಕಟ್ಟಿದ ಫ್ಯಾನು ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಬಾಣಲೆ ಇಡುವ ಮುಂಚೆಯೇ ಅದನ್ನು ಹಾಕಿ, ಒಲೆ ಆರಿಸಿದ ಮೇಲೂ ಕಾಲು ಗಂಟೆ ಬಿಡಬೇಕು. ಎದುರು ದಿಕ್ಕಿನಲ್ಲಿ ಗಾಳಿ ಒಳಬರಲು ಕಿಂಡಿ ಇರಬೇಕು.

ಹೊಗೆಯಿಲ್ಲದ ಮೂಲಗಳೂ ಇವೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಕತೆ ಮುಂಬಯಿಯ ತುಳು-ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನಾಸಿಕ್ ಜಿಲ್ಲೆಯ ಸಿನ್ನರ್ ಕೂಡ ಬೀಡಿಗೆ ಹೆಸರಾದ ಊರು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ದಿನವಿಡೀ ಬಗ್ಗಿ ಕೂತಾಗ ತಂಬಾಕಿನ ಪುಡಿ ಮೂಗಿಗೆ ಒಂದು ಗೇಣು ದೂರ. ಬೀಡಿ ಸೇದದಿದ್ದರೂ ತಂಬಾಕು ಎದೆಗಿಳಿಯುತ್ತಿತ್ತು. ಕಸ ಗುಡಿಸುವುದು, ಹಾಸಿಗೆ ಕೊಡವುವುದು ಇವೆಲ್ಲ ಏಳಿಸುವುದು ದೊಡ್ಡ ಧೂಳನ್ನು. ನೆಲದಲ್ಲಿ ಆಡುವ ಕೂಸು ಇದ್ದ ಮನೆಯಲ್ಲಿ ಒಣ ಹಿಡಿಸೂಡಿಗಿಂತ ಒದ್ದೆ ಬಟ್ಟೆ ಮೇಲು. ಇನ್ನು ಚಿಮಣಿ ದೀಪ. 100 ಗ್ರಾಂ ಸೀಮೆಎಣ್ಣೆ ಆ ಬುಡ್ಡಿಯಲ್ಲಿ ಉರಿದರೆ 7ರಿಂದ 9 ಗ್ರಾಂ ಅಚ್ಚ ಮಸಿಯಾಗುತ್ತದೆ ಎಂದು 2012ರ ಅಧ್ಯಯನವೊಂದು ತೋರಿಸಿತು. ಅದರ ಬೆಳಕಿನಲ್ಲಿ ಓದಿ ಬೆಳಗ್ಗೆ ಮೂಗು ಒರೆಸಿಕೊಂಡವರಿಗೆ ಈ ಅಧ್ಯಯನದ ಅಗತ್ಯವೇ ಇರಲಿಲ್ಲ.

ಮೈಸೂರಿನ 60

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಗೆ ಸಂಬಂಧಿಸಿ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲದಲ್ಲಿ ತೀರಿಕೊಂಡರು. ಇಂಥ ದೊಡ್ಡ ಸಂಖ್ಯೆ ಓದಿ ಪುಟ ಮಗುಚುವುದು ಸುಲಭ. ಇದಕ್ಕಿಂತ ಪ್ರಯೋಜನದ ಸಣ್ಣ ಸಂಖ್ಯೆಯೊಂದು ಮೈಸೂರಿನಿಂದ ಬಂದಿದೆ. ಅಲ್ಲಿಯ ವೈದ್ಯರು, ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು, ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಕುರಿತು ಮಾಡಿದ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಕಟ್ಟಿಗೆ ಒಲೆಯ ಮುಂದೆ ಅಡುಗೆ ಮಾಡಿದರು ಎಂಬುದನ್ನು, ಹಾಗೆ ಎಷ್ಟು ವರ್ಷ ಮಾಡಿದರು ಎಂಬುದರಿಂದ ಗುಣಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ. ಆ ಸೂಚ್ಯಂಕ 60 ಮುಟ್ಟಿದ ಮೇಲೆ ದೀರ್ಘಕಾಲದ ಕಫ-ಕೆಮ್ಮಿನ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಏರುತ್ತದೆ ಎಂದು ಅವರು ಕಂಡುಕೊಂಡರು. ಸತತ ಎರಡು ವರ್ಷ, ವರ್ಷಕ್ಕೆ ಮೂರು ತಿಂಗಳಾದರೂ ಕಫದ ಕೆಮ್ಮು ಬಂದರೆ ಅದನ್ನು ವೈದ್ಯರು ಕ್ರೋನಿಕ್ ಬ್ರಾಂಕೈಟಿಸ್ ಎನ್ನುತ್ತಾರೆ.

ದಿನಕ್ಕೆ 3 ಗಂಟೆಯಂತೆ 20 ವರ್ಷ ಎಂದರೆ 60. ಹನ್ನೆರಡನೇ ವಯಸ್ಸಿಗೆ ಒಲೆಯ ಮುಂದೆ ಕೂತ ಹುಡುಗಿ ಮೂವತ್ತೆರಡಕ್ಕೆ ಆ ಗಡಿ ಮುಟ್ಟಿದಂತಾಯಿತು. ಸಂಘಗಳ ಸಮಾರಂಭದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಹಿರಿಯ ತಾಯಂದಿರಲ್ಲಿ ಎಷ್ಟು ಜನ ಗಂಡನ ವರ್ಗಾವಣೆ ಬರುವ ಮುಂಚೆ, ಗ್ಯಾಸಿನ ಸರದಿ ಬರುವ ಮುಂಚೆ, ಊರಿನ ಕೂಡುಕುಟುಂಬದಲ್ಲಿ ಈ 60ನ್ನು ದಾಟಿಯೇ ಬಂದಿರಬಹುದು ಎಂಬುದು ಅವರನ್ನು ಕೇಳಿದರೆ ಮಾತ್ರ ತಿಳಿದೀತು. ಕೇಳುವವರು ಕಡಿಮೆ. ದಮ್ಮು ಬಂದು ವೈದ್ಯರ ಬಳಿ ಹೋದರೆ ‘ಸಿಗರೇಟು ಸೇದುತ್ತೀರಾ?’ ಎಂಬ ಪ್ರಶ್ನೆ ಹೆಂಗಸರಿಗೆ ಬರುವುದೇ ಅಪರೂಪ, ಬಂದರೂ ಉತ್ತರ ‘ಇಲ್ಲ’. ಅಲ್ಲಿಗೆ ಮಾತು ಮುಗಿದು ಅಲರ್ಜಿ, ಹವೆ ಬದಲಾವಣೆ, ವಯಸ್ಸು ಎಂದು ಕೆಮ್ಮಿನ ಸಿರಪ್ ಕೈಗೆ ಬರುತ್ತದೆ.

ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ನಡೆಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳು ಮೆಚ್ಚತಕ್ಕವೇ. ಆದರೆ ಅಲ್ಲಿ ನೋಡುವುದು ಬಹುತೇಕ ರಕ್ತದೊತ್ತಡ, ಸಕ್ಕರೆ, ಕಣ್ಣು. ಸ್ಪೈರೋಮೀಟರ್ ಎಂಬ ಚಿಕ್ಕ ಯಂತ್ರ ಅಪರೂಪ. ಆಳವಾಗಿ ಉಸಿರೆಳೆದು ಕೊಳವೆಗೆ ಆರು ಸೆಕೆಂಡಾದರೂ ಜೋರಾಗಿ ಊದುವುದಷ್ಟೇ ಪರೀಕ್ಷೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದು, ಔಷಧ ಎಳೆದುಕೊಂಡ ಮೇಲೂ ಹಾಗೆಯೇ ಉಳಿದರೆ ನಾಳಗಳು ಕಿರಿದಾಗಿವೆ ಎಂದು ಅರ್ಥ. ಆರಂಭದಲ್ಲಿ ಇದು ಎಕ್ಸ್-ರೇಯಲ್ಲಿ ಕಾಣದೆ ಹೋಗುವುದುಂಟು. ಹೋದ ಶ್ವಾಸ ಪೂರ್ತಿ ಮರಳದು, ಆದರೆ ಇನ್‌ಹೇಲರ್ ಸರಿಯಾಗಿ ಹಿಡಿದರೆ ಮೆಟ್ಟಿಲು ಹತ್ತುವುದು, ರಾತ್ರಿ ಮಲಗುವುದು ಹಗುರವಾಗುತ್ತದೆ. ಮುಂದಿನ ಶಿಬಿರಕ್ಕೆ ವೈದ್ಯರನ್ನು ಕರೆಯುವ ಕಾರ್ಯದರ್ಶಿಗಳು ಈ ಯಂತ್ರವನ್ನೂ ತರಲು ಹೇಳಬಹುದು. ಹೆಸರು ನೋಂದಾಯಿಸುವ ಮೇಜಿನಲ್ಲಿ ವಯಸ್ಸು, ಊರು ಕೇಳುವಾಗ ಕಟ್ಟಿಗೆ ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂದೂ ಕೇಳಿ ಚೀಟಿಯಲ್ಲಿ ಬರೆದುಕೊಟ್ಟರೆ, ಗುಣಾಕಾರವನ್ನು ವೈದ್ಯರು ಮಾಡಿಕೊಳ್ಳುತ್ತಾರೆ.